ಒಂದರಿಂದ ಹತ್ತರವರೆಗೆ ಗುಣಿಸಿದರೆ

ಸೋಮವಾರ, ಬೆಳಿಗ್ಗೆ ಒಂಬತ್ತೂವರೆ
ಅಂಗಡಿಯ ಮೇಜಿನಿಂದ

ಚೂಟಿ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಒಂದು ಪೆನ್ಸಿಲ್ ತೆಗೆದುಕೋ. ಲಿಫ್ಟ್ ರಿಪೇರಿ ಮಾಡುವವಳು ನೀನು, ಜೇಬಿನಲ್ಲಿ ಇದ್ದೇ ಇರುತ್ತದೆ. ಒಂದನ್ನು ಎರಡರಿಂದ ಗುಣಿಸು, ಬಂದದ್ದನ್ನು ಮೂರರಿಂದ, ಅದನ್ನು ನಾಲ್ಕರಿಂದ, ಹೀಗೆ ಹತ್ತರವರೆಗೆ ಹೋಗು. ಮೂವತ್ತಾರು ಲಕ್ಷದ ಇಪ್ಪತ್ತೆಂಟು ಸಾವಿರದ ಎಂಟುನೂರು ಬರುತ್ತದೆ. ಈಗ ಆರು ವಾರಕ್ಕೆ ಎಷ್ಟು ಸೆಕೆಂಡು ಎಂದು ನೋಡು. ದಿನಕ್ಕೆ ಎಂಬತ್ತಾರು ಸಾವಿರದ ನಾನೂರು, ಅಂಥವು ನಲವತ್ತೆರಡು ದಿನ. ಅದೇ ಬರುತ್ತದೆ ಕಣೆ! ಒಂದು ಸೆಕೆಂಡು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಮೂರು ಸಲ ಮಾಡಬೇಕಾಯಿತು. ಮೊದಲ ಸಲ ಒಂದು ಸೊನ್ನೆ ನುಂಗಿದ್ದೆ. ಎರಡನೇ ಸಲ ಏಳರ ಮಗ್ಗಿಯಲ್ಲೇ ಎಡವಿದೆ. ಮೂರನೇ ಸಲ ತಾಳೆಯಾದಾಗ ಒಬ್ಬಳೇ ಕೂತು ಚಪ್ಪಾಳೆ ತಟ್ಟಿಬಿಟ್ಟೆ. ಆಮೇಲೆ ನಾಚಿಕೆಯಾಯಿತು. ನಿನ್ನ ಅಪ್ಪ ತೀರಿಹೋಗಿ ಇನ್ನೂ ಆರು ವಾರ ತುಂಬಿಲ್ಲ, ನಾನು ಚಪ್ಪಾಳೆ ತಟ್ಟುವುದೇ? ದಿನಚರಿಯಲ್ಲಿ ಅದನ್ನೂ ಬರೆದಿಟ್ಟಿದ್ದೇನೆ. ಇಷ್ಟು ದಿನ ಅದರಲ್ಲಿ ‘ಇವತ್ತು ಏನೂ ಇಲ್ಲ’ ಎನ್ನುವ ಸಾಲಷ್ಟೇ ಇತ್ತು.

ಇದು ಎಲ್ಲಿಂದ ಬಂತು ಎಂದು ಕೇಳು. ಶನಿವಾರ ಮೊದಲ ಬಾರಿ ಅಪ್ಪನ ಮೇಜಿನ ಕೆಳಗಿನ ಖಾನೆ ಎಳೆದೆ. ಸಣ್ಣ ಸ್ಕ್ರೂಗಳ ಡಬ್ಬಿಯ ಅಡಿಯಲ್ಲಿ ನಿನ್ನ ಶಾಲೆಯ ನೋಟ್‌ಬುಕ್ಕಿನ ಒಂದು ಹಾಳೆ. ನಿನಗಾಗ ಒಂಬತ್ತು ವರ್ಷ. ಇದೇ ಲೆಕ್ಕ, ನಿನ್ನ ದಪ್ಪ ದಪ್ಪ ಅಂಕಿಗಳಲ್ಲಿ. ಕೆಳಗೆ ಅಪ್ಪನ ಅಕ್ಷರ: ‘ಮಗಳು ಹೇಳಿದ್ದು ಸರಿ. ಇವತ್ತಿನಿಂದ ನಾಲ್ಕಲ್ಲ, ಆರು ವಾರ.’

ರಿಪೇರಿಯಾದ ಗಡಿಯಾರವನ್ನು ನಾಲ್ಕು ವಾರ ಗೋಡೆಗೆ ಹಾಕಿ ನೋಡುವುದು ನಿನ್ನ ತಾತನ ಕಾಲದ ಪದ್ಧತಿ. ಅಪ್ಪ ಅದನ್ನು ಆರು ಮಾಡಿದ್ದು ಯಾಕೆ ಎಂದು ಊರೆಲ್ಲ ಬೈದಿತು, ನಾನೂ ಬೈದೆ. ‘ನಿಮ್ಮ ಗೋಡೆಗೇ ಒಂದು ಮನೆ ಕಟ್ಟಿಸಿಕೊಡಿ’ ಎಂದಿದ್ದೆ.

ಮೂರು ವರ್ಷದ ಹಿಂದೆ ನೀನು ಶಾಲೆಯ ಗಡಿಯಾರವನ್ನು ಐದೇ ವಾರಕ್ಕೆ ಕೊಟ್ಟು ಕಳಿಸಿದೆ. ಪರೀಕ್ಷೆ ಹತ್ತಿರ ಬಂತೆಂದು ಹೆಡ್‌ಮೇಡಂ ಬಂದು ಕೂತಿದ್ದರು, ನಿನ್ನ ತಪ್ಪೇನೂ ಅಲ್ಲ. ಅಪ್ಪ ಹೆಗಲ ಮೇಲೆ ಏಣಿ ಹೊತ್ತು ಹೋಗಿ, ಮಕ್ಕಳೆಲ್ಲ ನೋಡುತ್ತಿದ್ದಂತೆ ಅದನ್ನು ಗೋಡೆಯಿಂದ ಇಳಿಸಿ ತಂದರು. ‘ಇನ್ನೊಂದು ವಾರ ಓಡಿದ್ರೆ ಅದಕ್ಕೇನು ಕೊಂಬು ಬರುತ್ತಾ?’ ಎಂದು ಕೇಳಿದೆ ನೀನು. ‘ಆರು ಅಂದ್ರೆ ಆರು’ ಎಂದರು, ಅಷ್ಟೇ. ‘ಅಪ್ಪನಿಗೆ ನನ್ನ ಕೈ ಮೇಲೆ ನಂಬಿಕೆಯಿಲ್ಲ’ ಎಂದು ಹೇಳಿ ಅಂಗಡಿ ಬಿಟ್ಟು ಹೋದವಳು ನೀನು. ಅವರು ಹೋದ ದಿನ ಬಂದೆ, ಮನೆಯಲ್ಲಿ ಕೂತೆ, ಅಂಗಡಿಯ ಹೊಸ್ತಿಲು ಮಾತ್ರ ದಾಟಲಿಲ್ಲ. ಆ ಆರು ನಿನ್ನದೇ ಕಣೆ. ನೀನು ಮರೆತಿದ್ದೀಯ ಎಂದು ಅವರಿಗೆ ತಿಳಿಯಲಿಲ್ಲವೋ, ತಿಳಿದೇ ಅಷ್ಟು ಕೋಪ ಬಂತೋ, ನನಗೆ ಗೊತ್ತಿಲ್ಲ.

ಇನ್ನೊಂದು ಇದೆ, ಇದು ಪೂರ್ತಿ ನನ್ನದು! ನಿನ್ನೆ ಮತ್ತೆ ಗುಣಿಸುತ್ತ ಹೋಗಿ, ಎಂಟಕ್ಕೇ ನಿಲ್ಲಿಸಿ ನೋಡಿದೆ. ನಲವತ್ತು ಸಾವಿರದ ಮುನ್ನೂರ ಇಪ್ಪತ್ತು. ನಾಲ್ಕು ವಾರಕ್ಕೆ ಎಷ್ಟು ನಿಮಿಷ, ಹೇಳು? ಅಷ್ಟೇ! ತಾತನ ನಾಲ್ಕು ಎಂಟಕ್ಕೆ ನಿಂತಿತು, ನಿನ್ನ ಆರು ಹತ್ತಕ್ಕೆ. ತಾತನಿಗೆ ಈ ಲೆಕ್ಕ ಗೊತ್ತಿದ್ದಿರಲಾರದು, ಅವರು ಬೆರಳು ಮಡಚಿ ಎಣಿಸುತ್ತಿದ್ದವರು.

ಕ್ಷೌರದಂಗಡಿಯಣ್ಣನಿಗೆ ಹೇಳಿದೆ. ಅಪ್ಪ ಕೊನೆಯದಾಗಿ ಸರಿಮಾಡಿದ್ದು ಅವನ ಗೋಡೆ ಗಡಿಯಾರವನ್ನೇ. ‘ಅಕ್ಕಾ, ಇದನ್ನೆಲ್ಲ ಹೀಗೆ ಕೂಡಿಸಿಟ್ಟೋರು ಯಾರು?’ ಎಂದ. ಯಾರೂ ಅಲ್ಲಪ್ಪ, ಸುಮ್ಮನೆ ಹಾಗೆ ಬಿದ್ದಿದೆ ಎಂದೆ. ‘ಹಂಗಾದ್ರೆ ನನ್ನ ಮದುವೆ ಥರಾನೇ’ ಎಂದು ನಕ್ಕು, ‘ಬೇಗ ಕೊಡ್ಸಕ್ಕಾ, ಕೂತೋರೆಲ್ಲ ಟೈಮೆಷ್ಟು ಅಂತ ತಿರುಗ್ತಾರೆ, ಒಂದಿನ ಯಾರದೋ ಕಿವಿ ನನ್ನ ಕೈಗೆ ಬರುತ್ತೆ’ ಎಂದ.

ಅಪ್ಪ ಅದನ್ನು ಗೋಡೆಗೆ ಹಾಕಿದ್ದು ಗುರುವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ಚೀಟಿಯಲ್ಲಿದೆ. ಆ ಶನಿವಾರವೇ ಅವರು ಹೋದರು. ಈ ಗುರುವಾರ ಹತ್ತೂ ಇಪ್ಪತ್ತಕ್ಕೆ ಆರು ವಾರ. ಚೀಟಿಯಲ್ಲಿ ‘ರಿಪೇರಿ ಮಾಡಿದವರು’ ಎಂಬಲ್ಲಿ ಅವರ ಸಹಿಯಿದೆ. ‘ನೋಡಿದವರು’ ಎಂಬಲ್ಲಿ ಇಲ್ಲ. ಮಾಡಿದವನೇ ನೋಡಿದೆ ಎನ್ನಬಾರದು ಎಂದು ಮೊದಲಿನಿಂದ ಆ ಸಹಿ ನಿನ್ನದೇ ಆಗಿತ್ತಲ್ಲ. ಮೂರು ವರ್ಷದ ಚೀಟಿಗಳನ್ನೆಲ್ಲ ತೆಗೆದು ನೋಡಿದೆ, ಎಲ್ಲದರಲ್ಲೂ ಆ ಜಾಗ ಖಾಲಿ. ನನ್ನ ಕೈಲಿ ಒಂದು ದಿನವೂ ಹಾಕಿಸಲಿಲ್ಲ.

ರಜೆ ಹಾಕಿ ಬಾ. ಒಳಗೆ ಬಂದು, ಗಡಿಯಾರ ನೋಡಿ, ಸಹಿ ಹಾಕು. ಆಮೇಲೆ ಅಂಗಡಿ ಮುಚ್ಚೋಣ ಎಂದರೂ ನಾನು ಎದುರಾಡುವುದಿಲ್ಲ.

ಲೆಕ್ಕದ ಹುಚ್ಚು ಹಿಡಿದ
ನಿನ್ನ ಅಮ್ಮ

ತಾ.ಕ.: ಒಂದು ಸುಳ್ಳು ಬರೆದಿದ್ದೇನೆ. ಅಪ್ಪ ಹೋದ ಮೇಲೆ ಕೀ ಕೊಡುವುದನ್ನು ಮರೆತೆ. ಆ ಗಡಿಯಾರ ಎರಡನೇ ವಾರದ ಶುಕ್ರವಾರ ನಿಂತಿತ್ತು. ಶನಿವಾರ ಬೆಳಿಗ್ಗೆ ನೋಡಿ, ಕೀ ಕೊಟ್ಟು, ಮುಳ್ಳು ತಿರುಗಿಸಿ, ಯಾರಿಗೂ ಹೇಳದೆ ಸುಮ್ಮನಾದೆ. ನಿಂತರೆ ಮತ್ತೆ ಒಂದರಿಂದ ಎಣಿಕೆ, ನಿನಗೆ ಗೊತ್ತಿರುವುದೇ. ಹಾಗಾಗಿ ಆರು ವಾರ ತುಂಬುವುದು ಗುರುವಾರವಲ್ಲ, ಮುಂದಿನ ವಾರದ ಶನಿವಾರ. ಕ್ಷೌರದಂಗಡಿಯಣ್ಣನಿಗೆ ನಾನೇ ಹೇಳುತ್ತೇನೆ, ಬೈಸಿಕೊಳ್ಳುತ್ತೇನೆ. ನೀನು ಮಾತ್ರ ಗುರುವಾರವೇ ಬಾ. ಉಳಿದ ಒಂಬತ್ತು ದಿನ ಇಬ್ಬರೂ ಕೂತು ನೋಡೋಣ.