ಮೂರು ಮಿಲಿಮೀಟರ್ ಕೆಳಗಿದ್ದ ಚಕ್ರ

ಬೆಳಗಾವಿ
2186ನೇ ಇಸವಿ, ಹದಿಮೂರನೇ ತಿಂಗಳು, ಒಂಬತ್ತನೇ ತಾರೀಖು

ತಂಡ ಹದಿನೇಳರ ವಿದ್ಯಾರ್ಥಿಗಳಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟು ದಿನ. ಕೆಲವು ಪದಗಳೂ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ದಿನಪತ್ರಿಕೆಗಳಿಂದ ಕಲಿತವನು. ನಿಮ್ಮ ಹೆಸರುಗಳು ನನಗೆ ಗೊತ್ತಿಲ್ಲ. 2024ರಲ್ಲಿ ನೀವು ಸ್ಪರ್ಧೆಗೆಂದು ಕಟ್ಟಿದ ರೋಬೋಟ್‌ನ ಚಾಸಿ, ಅಂದರೆ ಚಕ್ರಗಳನ್ನು ಕೂರಿಸುವ ತಳದ ಚೌಕಟ್ಟು, ಮಾತ್ರ ನಮ್ಮಲ್ಲಿದೆ. ಅದರ ಅಲ್ಯೂಮಿನಿಯಂ ಪಟ್ಟಿಯ ಮೇಲೆ ತಂಡದ ಸಂಖ್ಯೆ ಮತ್ತು ಇಸವಿಯನ್ನು ಕೊರೆದಿದ್ದೀರಿ. ಬೇರೇನೂ ಬರೆದಿಲ್ಲ.

ನಮ್ಮ ಕಾಲದಲ್ಲಿ ಯಂತ್ರಗಳನ್ನು ಯಾರೂ ಕಟ್ಟುವುದಿಲ್ಲ, ಬೆಳೆಸುತ್ತಾರೆ. ಊರ ಹೊರಗಿನ ಲೋಹತೊಟ್ಟಿಗಳಲ್ಲಿ, ಮಜ್ಜಿಗೆಯಷ್ಟು ತೆಳುವಾದ ಬೂದು ದ್ರವದೊಳಗೆ, ಬಾಗಿಲ ಚಿಲಕದಿಂದ ನೀರಿನ ಪಂಪಿನವರೆಗೆ ಎಲ್ಲವೂ ತಾನಾಗಿ ಹೆಪ್ಪುಗಟ್ಟುತ್ತದೆ. ಕೆಟ್ಟರೆ ರಿಪೇರಿ ಇಲ್ಲ, ಮತ್ತೆ ತೊಟ್ಟಿಗೆ ಹಾಕುತ್ತಾರೆ. ಹತ್ತು ವರ್ಷಗಳಿಂದ ಈ ತೊಟ್ಟಿಗಳು ಒಂದೊಂದಾಗಿ ಸಾಯುತ್ತಿವೆ. ಕಾರಣ ತಿಳಿದವರಿಲ್ಲ. ನಮ್ಮ ಓಣಿಯ ಪಂಪು ನಿಂತು ಎರಡು ವರ್ಷವಾಯಿತು. ಜನ ಅದರ ಪಕ್ಕದಲ್ಲೇ ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತಾರೆ. ಪಂಪನ್ನು ಬಿಚ್ಚಲು ಯಾರಿಗೂ ಬರುವುದಿಲ್ಲ. ಮಕ್ಕಳಿಗಾದರೂ ಅರ ಹಿಡಿಯುವುದು, ರಂಧ್ರ ಕೊರೆಯುವುದು, ನಟ್ಟು ಬಿಗಿಯುವುದು ಬರಲಿ ಎಂದು ಕೈಶಾಲೆಗಳನ್ನು ತೆರೆದರು. ಇದ್ದದ್ದು ಎರಡೇ: ನಮ್ಮದೊಂದು, ಕಲಬುರಗಿಯದೊಂದು. ಈ ವರ್ಷ ಒಂದನ್ನು ಮಾತ್ರ ಉಳಿಸುವುದಾಗಿ ಕೈಶಾಲೆಗಳನ್ನು ನಡೆಸುವ ಮಂಡಳಿ ಹೇಳಿತು. ಆಯ್ಕೆಗೆ ನಿಮ್ಮ ಕಾಲದ ಸ್ಪರ್ಧೆಯನ್ನೇ ಇಟ್ಟಿತು. ವಿದ್ಯಾರ್ಥಿಗಳು ಕಟ್ಟಿದ ರೋಬೋಟ್ ಎರಡೂವರೆ ನಿಮಿಷದಲ್ಲಿ ಚೆಂಡುಗಳನ್ನು ಎತ್ತಿ ಬುಟ್ಟಿಗೆ ಹಾಕಬೇಕು. ಸೋತ ಶಾಲೆಗೆ ಬೀಗ.

ನಾನು ಇಲ್ಲಿನ ಮಾಸ್ತರ. ನಿಮ್ಮ ಚಾಸಿಯನ್ನು ಮೇಜಿನ ಮೇಲಿಟ್ಟು, ಅಳೆದು, ಅದರಂತೆಯೇ ಇನ್ನೊಂದನ್ನು ಕಟ್ಟಲು ಹೊರಟೆವು. ಹಳೆಯ ಕಿಟಕಿಗಳಿಂದ ಅಲ್ಯೂಮಿನಿಯಂ ಕಿತ್ತೆವು. ಚೈನು ಓಡುವ ಒಂದೊಂದು ಹಲ್ಲುಚಕ್ರವನ್ನು ಅರದಿಂದ ತೀಡಲು ನಾಲ್ಕು ದಿನ ಹಿಡಿಯಿತು. ಬದಿಗೆ ಮೂರು ಚಕ್ರ, ಬದಿಗೊಂದು ಮೋಟಾರು. ಚಕ್ರಗಳು ಅತ್ತಿತ್ತ ಹೊರಳುವುದಿಲ್ಲ; ಒಂದು ಬದಿಯವು ಮುಂದಕ್ಕೆ, ಇನ್ನೊಂದು ಬದಿಯವು ಹಿಂದಕ್ಕೆ ಉರುಳಿದರೆ ಗಾಡಿ ನೆಲದ ಮೇಲೆ ಅಡ್ಡ ಜಾರಿ ತಿರುಗಬೇಕು. ಅಳೆಯುವಾಗ ಅಸ್ಮಾ ನದಾಫ ಎಂಬ ಹದಿನಾರು ವರ್ಷದ ವಿದ್ಯಾರ್ಥಿನಿ ಒಂದು ವಿಷಯ ಗಮನಿಸಿದಳು. ನಡುವಿನ ಎರಡು ಚಕ್ರಗಳ ಅಚ್ಚು ಉಳಿದವಕ್ಕಿಂತ ಮೂರು ಮಿಲಿಮೀಟರ್ ಕೆಳಗಿತ್ತು.

“ಹಳೇದಲ್ಲೇನವಾ, ನಡಕ ಬಗ್ಗೇತಿ,” ಎಂದೆ.

“ಬಗ್ಗಿದ್ರ ಪಟ್ಟಿ ಬಗ್ಗಬೇಕಲ್ರಿ ಸರ? ಪಟ್ಟಿ ನೆಟ್ಟಗನ ಐತಿ. ತೂತನ ಕೆಳಗ ಕೊರದಾರ. ಬೇಕಂತ ಮಾಡ್ಯಾರ.”

“ಮೊನ್ನೆ ಡ್ರಿಲ್ ಹಿಡದಾಕಿ ನೀ, ಇವತ್ತ ನನಗ ಪಾಠ ಹೇಳ್ತಿ? ಯಾಕ ಮಾಡ್ಯಾರ, ಹೇಳು ನೋಡೂಣು.”

ಅವಳಿಗೆ ಗೊತ್ತಿರಲಿಲ್ಲ. ತರಗತಿ ನಕ್ಕಿತು. ನೀವು ಅಳತೆ ತಪ್ಪಿದ್ದೀರಿ ಎಂದು ತೀರ್ಮಾನಿಸಿ, ಆರೂ ಅಚ್ಚುಗಳನ್ನು ಒಂದೇ ಗೆರೆಗೆ ತರಿಸಿದೆ.

ಶಾಲೆಯ ನುಣುಪು ಕಲ್ಲುನೆಲದ ಮೇಲೆ ರೋಬೋಟ್ ಚೆನ್ನಾಗಿಯೇ ಓಡಿತು, ತಿರುಗಿತು. ಸ್ಪರ್ಧೆಯ ಅಂಗಳಕ್ಕೆ ಮಂಡಳಿ ಹಳೆಯ ನಿಯಮದಂತೆ ಕಾರ್ಪೆಟ್ ಹಾಸಿತ್ತು. ನಮ್ಮದು ನೇರ ಹೋಗಿ ಆರು ಚೆಂಡು ಎತ್ತಿಕೊಂಡಿತು. ಬುಟ್ಟಿ ಬಲಕ್ಕಿತ್ತು. ತಿರುಗಲು ಹೋದಾಗ ಆರೂ ರಬ್ಬರ್ ಚಕ್ರಗಳು ಕಾರ್ಪೆಟನ್ನು ಕಚ್ಚಿ ಹಿಡಿದವು. ರೋಬೋಟ್ ಕುಪ್ಪಳಿಸಿತು, ಮೋಟಾರುಗಳು ಕಾದವು, ನಲವತ್ತನೇ ಸೆಕೆಂಡಿಗೆ ಫ್ಯೂಸ್ ಹೋಯಿತು. ಉಳಿದ ನೂರ ಹತ್ತು ಸೆಕೆಂಡು ಅದು ಚೆಂಡುಗಳನ್ನು ಹೊತ್ತು ಗೋಡೆಗೆ ಮುಖಮಾಡಿ ನಿಂತಿತ್ತು. ನಮ್ಮ ಇಪ್ಪತ್ತೆರಡು ಮಕ್ಕಳು ನೋಡುತ್ತ ಕೂತಿದ್ದರು.

ಮರುದಿನ ನಿಮ್ಮ ಚಾಸಿಗೇ ಚಕ್ರ ಹಾಕಿ, ಒಂದು ತುಂಡು ಕಾರ್ಪೆಟ್ ಮೇಲಿಟ್ಟು ಕೈಯಿಂದ ತಿರುಗಿಸಿದೆ. ಸಲೀಸಾಗಿ ತಿರುಗಿತು. ನಡುವಿನ ಚಕ್ರ ಕೆಳಗಿದ್ದರೆ ಒಮ್ಮೆಗೆ ನಾಲ್ಕೇ ಚಕ್ರಗಳು ನೆಲಕ್ಕೆ ತಾಗುತ್ತವೆ. ಒಂದು ತುದಿಯವು ಎದ್ದೇ ಇರುತ್ತವೆ, ಗಾಡಿ ನಡುವಿನ ಮೇಲೆ ತಿರುಗುತ್ತದೆ. ನಿಮ್ಮಲ್ಲಿ ಬಹುಶಃ ಇದು ಎಲ್ಲರಿಗೂ ಗೊತ್ತಿದ್ದ ಮಾತು. ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಾರೂ ಬರೆದಿಡಲಿಲ್ಲ.

ನಿನ್ನೆ ಶಾಲೆಗೆ ಬೀಗ ಬಿತ್ತು. ಕಲಬುರಗಿಯಲ್ಲಿ ನಮ್ಮ ಮಕ್ಕಳಿಗೆ ಜಾಗವಿಲ್ಲ. ಅಸ್ಮಾ ತೊಟ್ಟಿ ಕಾಯುವ ಕೆಲಸಕ್ಕೆ ಸೇರಿದ್ದಾಳೆ. ಸತ್ತ ತೊಟ್ಟಿಯ ದಂಡೆಯಲ್ಲಿ ಕೂತು ದಿನವಿಡೀ ದ್ರವ ಕಲಕುವ ಕೆಲಸ ಅದು; ಏನೂ ಹೆಪ್ಪುಗಟ್ಟುವುದಿಲ್ಲ. ಕ್ಷಮೆ ಕೇಳಲು ಹೋಗಿದ್ದೆ. ಕಲಕುವುದನ್ನು ನಿಲ್ಲಿಸದೆಯೇ ಹೇಳಿದಳು: “ಹೋಗ್ಲಿ ಬಿಡ್ರಿ ಸರ. ಯಾಕ ಅಂತ ನನಗೂ ಹೇಳಾಕ ಬರ್ಲಿಲ್ಲಲ್ಲ.”

ನಿಮ್ಮ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಈ ಪತ್ರ ನಿಮ್ಮನ್ನು ಮುಟ್ಟುವ ದಾರಿಯೂ ನನಗೆ ತಿಳಿಯದು. ಮುಟ್ಟಿದರೆ ಒಂದೇ ಕೋರಿಕೆ. ಮುಂದಿನ ಚಾಸಿ ಕಟ್ಟುವಾಗ, ಇಸವಿ ಕೊರೆದ ಜಾಗದ ಪಕ್ಕದಲ್ಲಿ, ಏಕೆ ಹಾಗೆ ಕಟ್ಟಿದಿರಿ ಎಂಬುದನ್ನೂ ಕೊರೆಯಿರಿ. ಎರಡು ನಿಮಿಷದ ಕೆಲಸ. ಬರೆದಿಟ್ಟರೂ ನನ್ನಂಥವನೊಬ್ಬ ಓದದೆ ಹೋಗಬಹುದು. ಆದರೂ ಬರೆಯಿರಿ.

ಮಹಾರುದ್ರ ಕಮ್ಮಾರ
ಬೆಳಗಾವಿ ಕೈಶಾಲೆಯ ಮಾಸ್ತರ, ನಿನ್ನೆಯವರೆಗೆ