ಎಡಗೈಯವರ ಬಿಲ್ಲು

ಚನ್ನಪಟ್ಟಣ
೧೨ ಸೆಪ್ಟೆಂಬರ್ ೧೯೯೬

ಬೈರಾಪಟ್ಟಣದ ರಾಮಲಿಂಗಣ್ಣನವರಿಗೆ,

ನಿಮ್ಮ ವಹಾಬನ ಮನೆಯಿಂದ ಖುರ್ಷಿದಾ ಮಾಡುವ ಸಲಾಂ. ಕೆಂಚಮ್ಮಕ್ಕನ ಮಂಡಿನೋವು ಈಗ ಹೇಗಿದೆ? ಅವರು ಕೊಟ್ಟ ಮಲ್ಲಿಗೆ ಗಿಡ ನಮ್ಮ ಹಿತ್ತಲಲ್ಲಿ ಈಗಲೂ ಹೂ ಬಿಡುತ್ತಿದೆ ಎಂದು ಹೇಳಿ.

ನಮ್ಮವರು ಜೂನ್ ತಿಂಗಳಲ್ಲಿ ತೀರಿಕೊಂಡರು. ನಮ್ಮಲ್ಲಿ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಯುವವರೆಗೆ ಗಂಡ ಸತ್ತ ಹೆಂಗಸು ಹೊಸಿಲು ದಾಟುವುದಿಲ್ಲ. ಇಲ್ಲದಿದ್ದರೆ ಬಸ್ಸು ಹತ್ತಿ ನಾನೇ ಬಂದುಬಿಡುತ್ತಿದ್ದೆ. ರಾಮನಗರದ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು ನಾನು. ತಪ್ಪಿದ್ದರೆ ಸರಿಮಾಡಿಕೊಂಡು ಓದಿ.

ನಮ್ಮವರು ಬುಗುರಿ ತಿರುವುತ್ತಿದ್ದ ಶೆಡ್ ಬಾಡಿಗೆಯದು. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಲೇತನ್ನು ನನ್ನ ತಮ್ಮ ಶುಕೂರ್ ತೆಗೆದುಕೊಂಡ. ಅರಗಿನ ಕಡ್ಡಿ, ಉಳಿ, ಆಲೆ ಮರದ ತುಂಡು ಎಲ್ಲವೂ ಒಬ್ಬೊಬ್ಬರ ಮನೆ ಸೇರಿದವು. ಗೋಡೆಯ ಗೂಟಗಳ ಮೇಲೆ ಉಳಿದದ್ದು ಬಿಲ್ಲೊಂದೇ. ಅದನ್ನು ಏನು ಮಾಡಬೇಕೆಂದು ಕೇಳಲು ಈ ಕಾಗದ.

ಹಳೆಯ ಬಿಲ್ಲುಗಳನ್ನು ಕೂಡಿಡುವ ಹಿರಿಯರೊಬ್ಬರನ್ನು ಶುಕೂರ್ ಬೆಂಗಳೂರಿನಿಂದ ಕರೆತಂದಿದ್ದ. ನಾನು ಪರದೆಯ ಹಿಂದೆ ಕುಳಿತು ಕೇಳುತ್ತಿದ್ದೆ. ಅವರು ಮೊದಲು ಬಿಲ್ಲನ್ನು ಕಣ್ಣಿನ ನೇರಕ್ಕೆ ಹಿಡಿದು, ಬಡಗಿ ಹಲಗೆಯ ಸೊಟ್ಟ ನೋಡುವ ಹಾಗೆ ತುದಿಯಿಂದ ತುದಿಗೆ ನೋಡಿದರಂತೆ. ಆಮೇಲೆ ಹತ್ತಿಯ ಉಂಡೆಯಿಂದ ಅಂಚಿನುದ್ದಕ್ಕೂ ಸವರಿದರಂತೆ. ಮರದ ಪಟ್ಟಿಗೆ ಅಂಟಿಸಿದ ಫೈಬರ್ ಹಾಳೆ ಎಲ್ಲಾದರೂ ಬಿಟ್ಟಿದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಎಲ್ಲೂ ಸಿಕ್ಕಲಿಲ್ಲ. ತುದಿಗಳು ಹಿಂದಕ್ಕೆ ಬಾಗಿದ ಈ ಬಗೆಯ ಬಿಲ್ಲಿಗೆ ರಿಕರ್ವ್ ಎನ್ನುತ್ತಾರೆ, ಇದು ಅಮೆರಿಕದ್ದು, ೧೯೬೦ರ ಆಸುಪಾಸಿನದು ಎಂದರು. ಹೆದೆ ಬಿಚ್ಚಿ ಅಡ್ಡಲಾಗಿ ಇಟ್ಟವರು ಬಿಲ್ಲನ್ನು ಬಲ್ಲವರೇ, ಹೆದೆ ಏರಿಸಿಯೇ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ತಿರುಚಿಕೊಂಡಿರುತ್ತಿತ್ತು ಎಂದೂ ಹೇಳಿದರು. ಅಲ್ಲಿಯವರೆಗೆ ನನಗೆ ಹೆಮ್ಮೆಯಾಗುತ್ತಿತ್ತು.

ಆಮೇಲೆ ಕೇಳಿದರು, "ಅಮ್ಮಾ, ಈ ಬಣ್ಣ ಯಾರು ಹಚ್ಚಿದ್ದು?"

ನಮ್ಮವರು ಎಂದೆ. ಕೈಕೆಲಸ ಚೆನ್ನಾಗಿದೆ, ಆದರೆ ಇದೊಂದು ಮಾಡಬಾರದಿತ್ತು ಎಂದರು. ಹಳೆಯ ಬಿಲ್ಲಿಗೆ ಅದರ ಹಳೆಯ ವಾರ್ನಿಷೇ ಬೆಲೆಯಂತೆ, ಗೀರಿದ್ದರೂ ಸರಿಯಂತೆ. ಹಿಡಿಯ ಕೆಳಗೆ ಕಂಪನಿಯವರು ಕೈಯಲ್ಲಿ ಬರೆದ ನಂಬರೂ ಅದರ ಬಿಗಿಯ ಅಳತೆಯೂ ಇರಬೇಕು, ಅದೂ ಬಣ್ಣದಡಿ ಮುಚ್ಚಿಹೋಗಿದೆ ಎಂದರು.

ಶುಕೂರನಿಗೆ ರೇಗಿತು. "ಬಣ್ಣ ಹಾಕ್ದೆ ಬುಡೋಕೆ ನಾವೇನು ಸೌದೆ ಡಿಪೋನೋರಾ ಸಾರ್?" ಎಂದ. ಅವರು ಜೋರಾಗಿ ನಕ್ಕುಬಿಟ್ಟರು. ಎಷ್ಟೋ ದಿನದ ಮೇಲೆ ಪರದೆಯ ಹಿಂದೆ ನನಗೂ ನಗು ಬಂತು.

ಹೋಗುವಾಗ ಇನ್ನೊಂದು ಮಾತು ಕೇಳಿದರು. "ಬಾಣ ಕೂರಿಸೋ ಕಚ್ಚು ಬಲಗಡೆ ಇದೆ. ಇದು ಎಡಗೈಯವರ ಬಿಲ್ಲು. ಈ ಮನೇಲಿ ಎಡಚರು ಯಾರಮ್ಮಾ?" ಯಾರೂ ಇಲ್ಲ ಎಂದೆ. "ಮತ್ತೆ ಹೆದೆ ಯಾಕೆ ಹೊಸದು?" ಎಂದರು.

ಅಣ್ಣಾ, ಆ ಅಮೆರಿಕದ ಹುಡುಗ ನೆನಪಿದ್ದಾನಲ್ಲ? ನಿಮ್ಮೂರಿಗೆ ಕೋಳಿ ಸಾಕಣೆ ಕಲಿಸಲು ಬಂದು, ಮುದ್ದೆ ಅಗಿಯಬಾರದು ನುಂಗಬೇಕು ಎಂದು ನಿಮ್ಮಿಂದ ತಾನೇ ಕಲಿತು ಹೋದವನು. ಅವನೂ ಎಡಚ, ನೀವೂ ಎಡಚರು. ಹೋಗುವಾಗ ಬಿಲ್ಲನ್ನು ನಿಮ್ಮ ಕೈಗಿಟ್ಟ. ನಮ್ಮವರು ಬುಗುರಿ ತಿರುವುವ ಲೇತಿನಲ್ಲೇ ನಿಮಗೆ ಬಾಣ ತಿರುವಿದರು. ಶುಕ್ರವಾರ ನಮಾಜು ಮುಗಿಸಿ ಸೈಕಲ್ ಏರಿದರೆ ಮುಗಿಯಿತು, ನಿಮ್ಮ ತೋಟದ ಬಾಳೆದಿಂಡಿಗೆ ಬಾಣ. ನಾನು ಬಿರಿಯಾನಿಯ ಡಬ್ಬಿ ಹಿಡಿದು ಬಂದರೆ ಕೆಂಚಮ್ಮಕ್ಕ ದೂರದಿಂದಲೇ ಕೂಗುತ್ತಿದ್ದರು, "ಬಾ ಖುರ್ಷಿದಾ, ಇವರಿಬ್ರೂ ಇವತ್ತೂ ಒಂದು ಗೊನೆ ಹಾಳ್ ಮಾಡವ್ರೆ!" ಗುರಿ ತಪ್ಪಿದಾಗಲೆಲ್ಲ ನಮ್ಮವರು, ಬಿಲ್ಲು ನನ್ನ ಕೈಯದಲ್ಲ ಎನ್ನುತ್ತಿದ್ದರು. ನೀವು, "ಲೇ ವಹಾಬ, ಬಿಲ್ಲು ಎಡಚ, ನೀನು ಪೆದ್ದ ಕಣ್ಲಾ" ಎನ್ನುತ್ತಿದ್ದಿರಿ. ಆ ನಗು ನನ್ನ ಕಿವಿಯಲ್ಲಿದೆ.

ವಾರ್ನಿಷ್ ಎದ್ದಿದೆ, ಒಸಿ ಸರಿಮಾಡು ಎಂದು ನೀವು ಬಿಲ್ಲು ಬಿಟ್ಟುಹೋದಿರಿ. ಬಣ್ಣವಿಲ್ಲದ ಮರ ಕಂಡರೆ ನಮ್ಮವರಿಗೆ ಚಳಿಯಲ್ಲಿ ಬರಿಮೈಯಲ್ಲಿ ನಿಂತ ಮಗುವನ್ನು ಕಂಡ ಹಾಗೆ. ಬಿಲ್ಲನ್ನು ಲೇತಿಗೆ ಕಟ್ಟಲಾಗುವುದಿಲ್ಲ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಅದ್ದಿ, ಪದರದ ಮೇಲೆ ಪದರ ಸವರಿ, ತಾಳೆಗರಿಯಿಂದ ಉಜ್ಜಿ ಹೊಳಪು ತಂದರು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ನೀವು ಕಬ್ಬಾಳಿನ ನೆಂಟರನ್ನು ಕರೆದುಕೊಂಡು ಬಂದಿರಿ. ಹಳದಿ, ಕೆಂಪು ಪಟ್ಟೆಗಳನ್ನು ಕಂಡು ನೆಂಟರು ನಕ್ಕರು.

"ಏನ್ಲಾ ಇದು? ನನ್ ಬಿಲ್ಲ ಆಟದ್ ಸಾಮಾನು ಮಾಡ್ಬುಟ್ಟಲ್ಲೋ! ಮಡಿಕ್ಕೊ, ನೀನೇ ಆಡ್ಕೊ" ಎಂದಿರಿ.

"ಆಟದ್ ಸಾಮಾನಿಂದಾನೇ ನನ್ನ ಮನೆ ಅನ್ನ ಬೇಯೋದು. ಹೋಗ್ಲಾ" ಎಂದರು ಅವರು.

ನೀವು ಹೋದಿರಿ. ಇಷ್ಟು ವರ್ಷ ಮತ್ತೆ ಬರಲಿಲ್ಲ. ಇವರೂ ಕರೆಯಲಿಲ್ಲ. ನನ್ನ ಮದುವೆಯಾದಾಗಿನಿಂದ ಆ ಮನುಷ್ಯ ಅಷ್ಟು ಚಿಕ್ಕ ಮಾತಿಗೆ ಅಷ್ಟು ದೊಡ್ಡದಾಗಿ ನೊಂದದ್ದನ್ನು ನಾನು ಕಂಡಿರಲಿಲ್ಲ.

ಅವರು ನಿಮಗೆ ಹೇಳದೇ ಹೋದದ್ದನ್ನು ಈಗ ನಾನು ಹೇಳುತ್ತೇನೆ. ಆ ಬಣ್ಣ ಬುಗುರಿಯದಲ್ಲ. ಹಚ್ಚುವಾಗ ನಾನು ಕೇಳಿದ್ದೆ, ಇದೇ ಎರಡು ಬಣ್ಣ ಏಕೆ ಎಂದು. ರಾಮಲಿಂಗನ ಮನೆದೇವರು ಕಬ್ಬಾಳಮ್ಮ, ಆಯುಧಪೂಜೆಗೆ ಬಿಲ್ಲಿಗೆ ಅರಿಶಿನ ಕುಂಕುಮ ಹಚ್ಚುತ್ತಾನೆ, ಮಾರನೆಯ ದಿನ ಅಳಿಸಿಹೋಗುತ್ತದೆ, ಇದು ಅಳಿಸದ ಅರಿಶಿನ ಕುಂಕುಮ ಎಂದಿದ್ದರು. ನೀವು ಬಂದಾಗ ಇದನ್ನೇ ಹೇಳಬೇಕೆಂದು ಬೆಳಿಗ್ಗೆಯಿಂದ ಕಾಯುತ್ತಿದ್ದರು. ನೆಂಟರ ನಗುವಿನಲ್ಲಿ ಆ ಮಾತು ಬಾಯಲ್ಲೇ ಉಳಿಯಿತು.

ಹೆದೆಯ ವಿಷಯವೂ ಅಷ್ಟೇ. ಆಯುಧಪೂಜೆಯ ದಿನ ನೀವು ಹಳೆಯ ಹೆದೆ ಬಿಚ್ಚಿ ಹೊಸದು ಕಟ್ಟುತ್ತಿದ್ದಿರಿ. ನೀವು ಬರುವುದು ನಿಂತರೂ ಅವರು ಅದನ್ನು ನಿಲ್ಲಿಸಲಿಲ್ಲ. ವರ್ಷಕ್ಕೊಮ್ಮೆ ನನ್ನ ತವರಿನಿಂದ ರೇಷ್ಮೆ ನೂಲು ತರಿಸಿ, ಹುರಿ ಮಾಡಿ, ಮೇಣ ಸವರಿ, ಬಿಲ್ಲಿನ ಪಕ್ಕಕ್ಕೆ ನೇತುಹಾಕುತ್ತಿದ್ದರು. ಒಂದು ಬಾಣವನ್ನೂ ಬಿಡಲಿಲ್ಲ. ಕಳೆದ ವರ್ಷ ಅವರ ಬೆರಳಿಗೆ ನೂಲು ನಿಲ್ಲುತ್ತಿರಲಿಲ್ಲ. ಹುರಿ ಮಾಡಿದವಳು ನಾನು. ಪಕ್ಕದಲ್ಲಿ ಕುಳಿತು, ಬಿಗಿ ಸಾಲದು ಖುರ್ಷಿದಾ, ಅವನ ಕೈ ಗಟ್ಟಿ ಎಂದು ಹೇಳಿಕೊಡುತ್ತಿದ್ದರು.

ಬೆಂಗಳೂರಿನವರು ಮುಂದಿನ ಭಾನುವಾರ ಬರುತ್ತಾರೆ. ಬಿಲ್ಲು ತೆಗೆದುಕೊಂಡರೆ ಮೊದಲು ಬಣ್ಣ ಕೆರೆಸುತ್ತಾರೆ, ನಂಬರ್ ಓದಿದ ಮೇಲೆ ಸರಿಯಾದ ಬೆಲೆ ಹೇಳುತ್ತಾರೆ. ಒಳ್ಳೆಯ ಮನುಷ್ಯ, ಮೋಸ ಮಾಡುವವರಲ್ಲ. ಆದರೆ ಬಿಲ್ಲು ನಿಮ್ಮದು. ಬೇಡವೆಂದರೆ ಒಂದು ಕಾರ್ಡು ಹಾಕಿ, ಅವರಿಗೆ ಕೊಟ್ಟು ಬಂದ ಹಣವನ್ನು ನಿಮಗೆ ಕಳಿಸುತ್ತೇನೆ. ಬೇಕೆಂದರೆ ಅದಕ್ಕೆ ಮೊದಲೇ ಬನ್ನಿ. ನಾನು ಎದುರಿಗೆ ಬರುವಂತಿಲ್ಲ, ಪರದೆಯ ಹಿಂದಿನಿಂದಲೇ ಮಾತಾಡುತ್ತೇನೆ. ಶುಕೂರ್ ಟೀ ಮಾಡಿಕೊಡುತ್ತಾನೆ. ನಿಮಗೆ ಸಕ್ಕರೆ ಜಾಸ್ತಿ ಎಂದು ಅವನಿಗೆ ಹೇಳಿಟ್ಟಿದ್ದೇನೆ.

ಕೆಂಚಮ್ಮಕ್ಕನಿಗೂ ಬರಲು ಹೇಳಿ. ಅವರಾದರೆ ಪರದೆಯ ಒಳಗೇ ಬರಬಹುದು.

ಇಂತಿ ನಿಮ್ಮ ತಂಗಿ,
ಖುರ್ಷಿದಾ

ಮರೆತ ಮಾತು: ಮಣ್ಣು ಮಾಡಿದ ದಿನ ಶುಕೂರ್ ಬಂದು ಹೇಳಿದ. ಎಲ್ಲರೂ ಮುಗಿಸಿದ ಮೇಲೆ ಬಿಳಿ ಪಂಚೆಯ ರೈತರೊಬ್ಬರು ಹಿಂದಿನಿಂದ ಬಂದು, ಎಡಗೈಯಲ್ಲಿ ಮಣ್ಣು ಹಾಕಿ, ಯಾರನ್ನೂ ಮಾತಾಡಿಸದೆ ಹೋದರಂತೆ. ಎಡಗೈಯಲ್ಲಿ ಹಾಕಬಾರದು ಎಂದು ಯಾರೋ ತಡೆಯಲು ಹೋದರಂತೆ, ಶುಕೂರ್ ತಡೆಯಬೇಡಿ ಎಂದನಂತೆ. ಅವರು ಯಾರೆಂದು ನಾನು ಕೇಳಲಿಲ್ಲ. ಕಾಗದ ಬರೆಯುವ ಧೈರ್ಯ ಬಂದದ್ದು ಆ ಕೈಯಿಂದ. ಹೊಸ ಹೆದೆ, ಮೊದಲ ಸಲ ಮೆಲ್ಲಗೆ ಎಳೆಯಿರಿ.