ಕಿಟಕಿಗೆ ಒಂದು ಪದ

ಅಲ್ ನಹ್ದಾ, ದುಬೈ
ಶುಕ್ರವಾರ

ಪ್ರೀತಿಯ ಉಮ್ಮಾ,

ಝಹೀರ್‌ಗೆ ಪ್ರಮೋಷನ್ ಸಿಕ್ಕಿತು, ಈಗ ಅವರು ಇಡೀ ಗೋದಾಮಿಗೇ ಸೂಪರ್‌ವೈಸರ್! ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನಲ್ಲಿ ಕಂಪನಿಯೇ ವಸತಿ ಕೊಡುತ್ತದೆ, ಊಟವೂ ಅಲ್ಲೇ. ಗಂಡಸರಿಗೆ ಮಾತ್ರ. ಹಾಗಾಗಿ ಈ ಕೋಣೆ ಬಿಡುತ್ತಿದ್ದೇವೆ.

ನಮ್ಮ ಬದಲಿಗೆ ಬರುವವರನ್ನು ನಾವೇ ಹುಡುಕಿಕೊಡಬೇಕು. ಇಂಗ್ಲಿಷ್ ಮೀಡಿಯಂನವಳು ಎಂದು ಜಾಹೀರಾತು ಬರೆಯುವ ಕೆಲಸ ನನಗೇ ಬಿತ್ತು. ಕಿಟಕಿಯ ಬೆಳಕಿಗೆ ಪ್ಲೆಂಟಿ ಎನ್ನಲೇ, ಆ್ಯಂಪಲ್ ಎನ್ನಲೇ, ಅಬಂಡೆಂಟ್ ಎನ್ನಲೇ ಎಂದು ಸಂಜೆಯೆಲ್ಲ ಕೂತೆ. "ಇಷ್ಟು ಸಣ್ಣ ಕಿಟಕಿಗೆ ಎಷ್ಟು ಇಂಗ್ಲಿಷ್ ಮಾರಾಯ್ತಿ, ಖಲಾಸ್ ಮಾಡು," ಎಂದು ಝಹೀರ್ ನಕ್ಕರು. ಅಬಂಡೆಂಟ್ ಎಂದರೆ ಬೇಕಾದ್ದಕ್ಕಿಂತ ಹೆಚ್ಚು, ಅದು ಸುಳ್ಳಾಗುತ್ತಿತ್ತು. ಆ್ಯಂಪಲ್ ಎಂದರೆ ಸಾಕಾಗಿ ಸ್ವಲ್ಪ ಉಳಿಯುವಷ್ಟು. ಅದನ್ನೇ ಬರೆದೆ. ನಮಗೆ ಸಾಕಾಗಿತ್ತು, ಉಮ್ಮಾ. ನಿನ್ನೆ ಹೊಸ ಜೋಡಿಯೊಂದು ಬಂದು ನೋಡಿ ಒಪ್ಪಿಕೊಂಡೂ ಆಯಿತು.

ಸ್ವಲ್ಪ ಸುಸ್ತಾಗಿದೆ, ಅಷ್ಟೇ. ಮದುವೆಗೆಂದು ನಮ್ಮ ಮನೆಯಲ್ಲಿ ಅಳಿಯನಿಗೆ ಸಿಂಗರಿಸಿದ ಕೋಣೆಯನ್ನು ಹಾಗೇ ಇಡಿ. ಎರಡೂ ದಿಂಬು ಇರಲಿ. ಒಬ್ಬಳಿಗೆ ಆ ಮಂಚ ಅಬಂಡೆಂಟ್, ತಂಗಿ ನುಹಾ ನನ್ನ ಜೊತೆ ಮಲಗಲಿ. ಝಹೀರ್‌ಗೆ ರಜೆ ಮುಂದಿನ ವರ್ಷವೇ. ಅವರು ಯಾವಾಗ ಬರುತ್ತಾರೆಂದು ನೆರೆಯವರು ಕೇಳಿದರೆ ನೀವೇ ಹೇಳಿಬಿಡಿ, ನನ್ನನ್ನು ಕರೆಯಬೇಡಿ.

ಮುಂಬೈವರೆಗೆ ವಿಮಾನ. ಸ್ಟೇಷನ್ನಿಗೆ ನೀವೊಬ್ಬರೇ ಬನ್ನಿ. ಗುರುವಾರ ಬೆಳಿಗ್ಗೆ ಮತ್ಸ್ಯಗಂಧ ರೈಲಿನಲ್ಲಿ ಬಂದು ಸುರತ್ಕಲ್‌ನಲ್ಲಿ ಇಳಿಯುತ್ತೇನೆ.

ನಿಮ್ಮ
ಮಿನ್ಹಾ